ಬೆರಳ ತುದಿಯ ಮೂರು ಸೆಕೆಂಡು

ರಾತ್ರಿ ಎಂಟೂವರೆಗೆ ಇನ್ನೂ ಐದು ನಿಮಿಷ ಬಾಕಿ. ಲಿಂಕ್ ಒತ್ತಿ ಕಾದಿದ್ದೀರಿ, ಒಳಗೆ ಬಿಟ್ಟುಕೊಂಡರು. ಪರದೆ ತುಂಬ ಚೌಕಗಳು, ಒಂದೊಂದರಲ್ಲಿ ಒಂದೊಂದು ಊರು. ಮಂಗಳೂರಿನ ಮೇಡಂ ಮಳೆಯ ಸದ್ದು ಜೋರಾಯಿತೆಂದು ಕಿಟಕಿ ಮುಚ್ಚಲು ಎದ್ದಿದ್ದಾರೆ. ಮೈಸೂರಿನ ಹಿರಿಯ ಪ್ರೊಫೆಸರು ಕ್ಯಾಮೆರಾ ಆನ್ ಆಗಿರುವುದು ಗೊತ್ತಿಲ್ಲದೆ ಮಜ್ಜಿಗೆ ಅನ್ನ ಮುಗಿಸುತ್ತಿದ್ದಾರೆ. ಹುಬ್ಬಳ್ಳಿಯವರು ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಕಾರಿನೊಳಗಿಂದಲೇ ಸೇರಿಕೊಂಡಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿರುವ ದಾವಣಗೆರೆಯ ವೈದ್ಯರ ಹಿಂದೆ ಮಾತ್ರ ಇನ್ನೂ ಬಿಸಿಲು. ಅಲ್ಲೀಗ ಸಂಜೆ ನಾಲ್ಕು. ಉಳಿದವು ಕಪ್ಪು ಚೌಕಗಳು, ನಡುವೆ ಹೆಸರಿನ ಮೊದಲಕ್ಷರ ಮಾತ್ರ.

ನಿಮಗಿಲ್ಲಿ ಕೇಳಿಸಿಕೊಳ್ಳಲು ಅವಕಾಶವಿದೆ, ಮಾತಿಗಿಲ್ಲ. ಮೈಕ್ ಮ್ಯೂಟ್ ಮಾಡಿಕೊಳ್ಳಿ.

ಇದು ಐಸಿಯು ವೈದ್ಯರ ಆನ್‌ಲೈನ್ ಜರ್ನಲ್ ಕ್ಲಬ್. ಹದಿನೈದು ದಿನಕ್ಕೊಮ್ಮೆ ಗುರುವಾರ ರಾತ್ರಿ ಒಂದು ಗಂಟೆ ಸೇರುತ್ತಾರೆ. ಒಬ್ಬರು ಒಂದು ಸಂಶೋಧನಾ ಪ್ರಬಂಧ ಓದಿಕೊಂಡು ಬಂದು ಮಂಡಿಸಬೇಕು. ಉಳಿದವರು ಅದರ ಒಂದೊಂದು ಎಳೆಯನ್ನೂ ಬಿಡಿಸಿ ನೋಡಬೇಕು. ಪ್ರಬಂಧ ಎಷ್ಟೇ ದೊಡ್ಡ ಪತ್ರಿಕೆಯಲ್ಲಿ ಬಂದಿರಲಿ, ಬರೆದವರು ಎಷ್ಟೇ ಹೆಸರುವಾಸಿಯಾಗಿರಲಿ, ಇಲ್ಲಿ ರಿಯಾಯಿತಿ ಇಲ್ಲ. ಇನ್ನೊಂದು ನಿಯಮವೂ ಇದೆ. ಪ್ರಶ್ನೆ ಮೊದಲು ಕೇಳಬೇಕಾದವರು ಕಿರಿಯರು. ಪ್ರೊಫೆಸರುಗಳ ಸರದಿ ಕೊನೆಗೆ. ಹಿರಿಯರು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಆಮೇಲೆ ಯಾವ ಪಿ.ಜಿ. ಹುಡುಗನೂ ಬಾಯಿ ಬಿಡುವುದಿಲ್ಲ ಎಂಬುದು ಎಲ್ಲ ಮೆಡಿಕಲ್ ಕಾಲೇಜುಗಳಿಗೂ ಗೊತ್ತಿರುವ ಸತ್ಯ.

"ಪೇಪರ್ ಓದದೆ ಬಂದಿರೋರು ಕೈ ಎತ್ತಿ," ಮೈಸೂರಿನ ಸರ್ ಕೈ ಒರೆಸಿಕೊಳ್ಳುತ್ತ ಕೇಳುತ್ತಾರೆ. ಪರದೆಯ ಮೇಲೆ ಮೂರು ಹಳದಿ ಕೈಗಳು ಏಳುತ್ತವೆ. "ಪರವಾಗಿಲ್ಲ, ನಿಜ ಹೇಳೋರಾದ್ರೂ ಇದ್ದೀರಿ. ಶುರು ಮಾಡಮ್ಮ."

ಇಂದು ಮಂಡಿಸುತ್ತಿರುವವಳು ಎರಡನೇ ವರ್ಷದ ಪಿ.ಜಿ. ರಾಯಚೂರು ಕಡೆಯ ಹುಡುಗಿ. ಅವಳ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿಕೊಂಡು ನೋಡಿ. ಅದು ಡ್ಯೂಟಿ ರೂಮು. ಕಬ್ಬಿಣದ ಮಂಚ, ಮೊಳೆಗೆ ನೇತುಹಾಕಿದ ಸ್ಟೆತಾಸ್ಕೋಪ್, ಮೂಲೆಯಲ್ಲಿ ಬಿಚ್ಚದ ಟಿಫಿನ್ ಡಬ್ಬಿ. ಲ್ಯಾಪ್‌ಟಾಪಿನ ಬಳಿ ಒಂದು ಗಾಜಿನ ಸ್ಲೈಡ್, ಲ್ಯಾಬಿನಲ್ಲಿ ರಕ್ತದ ಹನಿ ಬಳಿದು ನೋಡುವಂಥದ್ದು. ಬಾಗಿಲಾಚೆ ಮಾನಿಟರುಗಳ ಸದ್ದು ಸಣ್ಣಗೆ ಕೇಳುತ್ತಿದೆ. "ಸರ, ಇವತ್ತು ನಂದು ನೈಟ್ ಡ್ಯೂಟಿ ಅದರಿ. ಸಿಸ್ಟರ್ ಕರದ್ರ ಓಡಬೇಕಾಗ್ತದ. ಸಿಟ್ಟಾಗಬ್ಯಾಡ್ರಿ," ಎನ್ನುತ್ತಲೇ ಮೊದಲ ಸ್ಲೈಡನ್ನು ಪರದೆಗೆ ತರುತ್ತಾಳೆ.

ಪ್ರಬಂಧದ ಹೆಸರು 'ಆಂಡ್ರೊಮಿಡಾ-ಶಾಕ್'. 2019ರ ಫೆಬ್ರುವರಿಯಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಬಂದದ್ದು. ಚಿಲಿ ದೇಶದ ಗ್ಲೆನ್ ಹೆರ್ನಾಂಡೆಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಅರ್ಜೆಂಟೀನಾ, ಚಿಲಿ, ಕೊಲಂಬಿಯಾ, ಈಕ್ವೆಡಾರ್, ಉರುಗ್ವೆ ಎಂಬ ಐದು ದೇಶಗಳ 28 ಐಸಿಯುಗಳು, 424 ರೋಗಿಗಳು.

"ಇಷ್ಟು ಹಳೇ ಪೇಪರ್ ಯಾಕೆ?" ಎಂದು ಚಾಟ್‌ನಲ್ಲಿ ಯಾರೋ ಹಾಕುತ್ತಾರೆ.

"ಇದರ ತಮ್ಮ 2025ರಾಗ ಬಂದಾನ್ರಿ. ಅಣ್ಣನ್ನ ಓದದ ತಮ್ಮ ತಿಳಿಯಂಗಿಲ್ಲ. ಕೊನಿಗೆ ಅವನ ಕಡಿ ಬರ್ತೀನಿ," ಎಂಬ ಉತ್ತರ ಬರುತ್ತದೆ. ಹುಬ್ಬಳ್ಳಿಯ ಕಾರಿನೊಳಗೆ ನಗು.

ಮುಂದಿನ ಸ್ಲೈಡಿನಲ್ಲಿ ಒಂದೇ ಪದ: ಸೆಪ್ಸಿಸ್. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ತನ್ನದೇ ಅಂಗಗಳನ್ನು ಹಾಳುಮಾಡುವ ಸ್ಥಿತಿ ಅದು. ಮೂತ್ರದ ಸೋಂಕಿನಿಂದ ಬರಬಹುದು, ನ್ಯುಮೋನಿಯಾದಿಂದ ಬರಬಹುದು, ಕಾಲಿನ ಕೊಳೆತ ಗಾಯದಿಂದಲೂ ಬರಬಹುದು. 2020ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಂದಾಜಿನ ಪ್ರಕಾರ 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, 1.1 ಕೋಟಿ ಜನ ತೀರಿಕೊಂಡಿದ್ದರು. ಐದು ಸಾವಿನಲ್ಲಿ ಒಂದು. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದು, ಡ್ರಿಪ್ ಹಾಕಿದರೂ ಏಳದೆ, ನೊರ್‌ಅಡ್ರಿನಲಿನ್‌ನಂಥ ಔಷಧದ ಆಸರೆ ಬೇಕಾಯಿತೆಂದರೆ ಅದು ಸೆಪ್ಟಿಕ್ ಶಾಕ್. ಐಸಿಯು ವೈದ್ಯರ ನಿದ್ದೆ ಕೆಡಿಸುವ ಕಾಯಿಲೆಗಳಲ್ಲಿ ಇದಕ್ಕೆ ಮೊದಲ ಸಾಲು.

ಆಗ ಮುಂದಿರುವ ಪ್ರಶ್ನೆ ಒಂದೇ. ಇನ್ನೆಷ್ಟು ಸಲೈನ್ ಹಾಕಬೇಕು, ಎಲ್ಲಿ ನಿಲ್ಲಿಸಬೇಕು? ಕಡಿಮೆಯಾದರೆ ಅಂಗಗಳಿಗೆ ರಕ್ತ ಸಾಲದು. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ನಿಂತು ವೆಂಟಿಲೇಟರ್ ಬೇಕಾಗುತ್ತದೆ. ಈ ಹದ ನೋಡಲು ವೈದ್ಯರು ಬಹುಕಾಲದಿಂದ ನೆಚ್ಚಿಕೊಂಡದ್ದು ರಕ್ತದ ಲ್ಯಾಕ್ಟೇಟ್ ಪರೀಕ್ಷೆಯನ್ನು. ಲ್ಯಾಕ್ಟೇಟ್ ಎರಡರ ಒಳಗೆ ಇರಬೇಕು. ಏರಿದ್ದರೆ ಇಳಿಯುವವರೆಗೂ ಚಿಕಿತ್ಸೆಯನ್ನು ಬಿಗಿ ಮಾಡುತ್ತ ಹೋಗಬೇಕು.

"ಆದ್ರ ಲ್ಯಾಕ್ಟೇಟ್ ಬ್ಯಾರೆ ಕಾರಣಕ್ಕೂ ಏರ್ತದರಿ. ಲಿವರ್ ಕೆಟ್ಟಿದ್ರ ಏರ್ತದ, ಅಡ್ರಿನಲಿನ್ ಕೊಟ್ರೂ ಏರ್ತದ. ಏರಿದ್ದು ಇಳಿಯಾಕ ಟೈಮ್ ತಗೋತದ. ಅದು ಇಳೀಲಿಲ್ಲಂತ ನಾವು ಬಾಟಲಿ ಮ್ಯಾಲ ಬಾಟಲಿ ಹಾಕ್ಕೋತ ಹೋಗ್ತೀವಿ." ಹೆರ್ನಾಂಡೆಸ್ ಅವರ ತಂಡದ ಪ್ರಶ್ನೆ ಇಲ್ಲಿಂದಲೇ ಹುಟ್ಟಿತು. ಲ್ಯಾಕ್ಟೇಟ್ ಬಿಟ್ಟು ಬೆರಳ ತುದಿಯನ್ನು ನೋಡಿ ಚಿಕಿತ್ಸೆ ಮಾಡಿದರೆ ಹೇಗೆ?

ಬೆರಳೇ ಏಕೆ ಎಂದು ಮೊದಲ ವರ್ಷದ ಹುಡುಗನೊಬ್ಬ ಕೇಳುತ್ತಾನೆ. ಅವಳು ಸ್ಲೈಡ್ ಬಿಟ್ಟು ತನ್ನೂರಿನ ಮಾತಿಗೆ ಇಳಿಯುತ್ತಾಳೆ. "ನಮ್ಮ ಕಡಿ ತುಂಗಭದ್ರಾ ಎಡದಂಡಿ ಕಾಲುವಿ ಅದಲ್ರಿ, ನೀರು ಕಮ್ಮಿ ಆದ್ರ ಮೊದಲು ಒಣಗೂದು ಕೊನಿಭಾಗದ ರೈತರ ಹೊಲ. ಮೈಯಾಗೂ ಹಂಗ. ರಕ್ತ ಕಮ್ಮಿ ಬಿತ್ತಂದ್ರ ಮೆದುಳು, ಹೃದಯಕ್ಕ ಮೊದಲು ಬಿಟ್ಟು, ಚರ್ಮಕ್ಕ ಬಂದ್ ಮಾಡ್ತದ. ಬೆರಳ ತುದಿ ಅಂದ್ರ ಕೊನಿಭಾಗ. ಅಲ್ಲಿ ನೀರು ಮುಟ್ಟೇತಂದ್ರ ಮ್ಯಾಲೂ ಮುಟ್ಟೇತಿ ಅಂತ ಲೆಕ್ಕ." ಮೈಸೂರಿನ ಸರ್ ಏನೂ ಹೇಳುವುದಿಲ್ಲ, ಕನ್ನಡಕ ಮೇಲೇರಿಸಿಕೊಳ್ಳುತ್ತಾರೆ. ಅದೇ ಅವರ ಮೆಚ್ಚುಗೆ.

ಈಗ ಅವಳು ಪಕ್ಕದಲ್ಲಿದ್ದ ಗಾಜಿನ ಸ್ಲೈಡ್ ಎತ್ತಿಕೊಂಡು ಕ್ಯಾಮೆರಾವನ್ನು ಹತ್ತಿರಕ್ಕೆ ಎಳೆಯುತ್ತಾಳೆ. ಪರದೆ ತುಂಬ ಅವಳ ಬಲಗೈ ತೋರುಬೆರಳು. ಉಗುರಿನ ಕಡೆಯಲ್ಲ, ಅಡಿಭಾಗದ ಮೆತ್ತನೆಯ ಜಾಗ. ಗಾಜನ್ನು ಅಲ್ಲಿಟ್ಟು ಒತ್ತುತ್ತಾಳೆ, ಚರ್ಮ ಬಿಳಚುವಷ್ಟು. ಗಾಜಿನ ಮೂಲಕ ಬಣ್ಣ ಇಂಗುವುದು ಕಾಣುತ್ತದೆ. "ಹತ್ತು ಸೆಕೆಂಡ್ ಹಂಗೇ ಹಿಡೀಬೇಕು. ಎರಡು ಸೆಕೆಂಡ್ ಒತ್ತಿ ಬಿಡೂದಲ್ಲ." ಹತ್ತಕ್ಕೆ ಗಾಜು ತೆಗೆಯುತ್ತಾಳೆ. ಬಿಳಚಿದ ಜಾಗಕ್ಕೆ ಅಂಚಿನಿಂದ ಕೆಂಪು ನುಗ್ಗಿ ಬರುತ್ತದೆ. ಒಂದು, ಒಂದೂವರೆ... ಮುಗಿಯಿತು. ಬಣ್ಣ ಪೂರ್ತಿ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ವೈದ್ಯರು ಇದನ್ನು ಕ್ಯಾಪಿಲರಿ ರೀಫಿಲ್ ಟೈಮ್ ಎನ್ನುತ್ತಾರೆ, ಬಾಯಲ್ಲಿ ಸಿಆರ್‌ಟಿ.

ನೀವೂ ಒತ್ತಿ ನೋಡಿ. ಗಾಜು ಇಲ್ಲದಿದ್ದರೆ ಬೆರಳಲ್ಲೇ ಒತ್ತಿ. ಪರದೆಯ ಮೇಲಿರುವ ಚೌಕಗಳಲ್ಲೂ ಈಗ ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ವರ್ಷಗಟ್ಟಲೆ ಐಸಿಯುನಲ್ಲಿ ದುಡಿದವರು ತಮ್ಮ ಬೆರಳನ್ನು ತಾವೇ ಹೊಸದಾಗಿ ನೋಡುತ್ತ ಕೂತಿದ್ದಾರೆ.

"ನಂದು ಮೂರೂವರೆ ಬಂತಲ್ಲ!" ಮಂಗಳೂರಿನ ಮೇಡಂ ಗಾಬರಿಯ ನಟನೆ ಮಾಡುತ್ತಾರೆ. "ಎ.ಸಿ.ಯಲ್ಲಿ ಕೂತದ್ದು ಮಾರಾಯ್ರೆ, ಕೈ ಐಸ್ ಆಗಿ ಉಂಟು. ಇದನ್ನು ಬರೆದುಕೊಳ್ಳಿ. ಐಸಿಯು ಎ.ಸಿ. ಹದಿನೆಂಟಕ್ಕೆ ಇಟ್ಟು ಸಿಆರ್‌ಟಿ ನೋಡಿದರೆ ರೋಗಿಯದ್ದಲ್ಲ, ಕೋಣೆಯ ಉತ್ತರ ಸಿಗುವುದು." ಬರ್ಮಿಂಗ್‌ಹ್ಯಾಮ್‌ನಿಂದ ಇನ್ನೊಂದು ಮಾತು: ಬೆಳಕು ಮಂದವಾಗಿದ್ದರೆ, ಚರ್ಮ ಕಪ್ಪಗಿದ್ದರೆ ಇಬ್ಬರು ನೋಡಿದರೆ ಎರಡು ಲೆಕ್ಕ ಬರುತ್ತದೆ, ಅದಕ್ಕೇ ಬೆರಳಿನ ಅಡಿಭಾಗ, ಅದಕ್ಕೇ ಗಾಜು, ಅದಕ್ಕೇ ಕೈಯಲ್ಲಿ ಸ್ಟಾಪ್‌ವಾಚ್.

ಮತ್ತೆ ಪ್ರಬಂಧಕ್ಕೆ. 424 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು, ತಲಾ 212. ಒಂದು ಗುಂಪಿನಲ್ಲಿ ಅರ್ಧ ಗಂಟೆಗೊಮ್ಮೆ ಬೆರಳು ಒತ್ತಿ ನೋಡಿ, ಮೂರು ಸೆಕೆಂಡಿಗೆ ಬರುವವರೆಗೆ ಚಿಕಿತ್ಸೆ. ಇನ್ನೊಂದರಲ್ಲಿ ಎರಡು ಗಂಟೆಗೊಮ್ಮೆ ಲ್ಯಾಕ್ಟೇಟ್ ನೋಡಿ, ಅದು ಸಹಜಕ್ಕೆ ಬರುವವರೆಗೆ ಅಥವಾ ಪ್ರತಿ ಎರಡು ಗಂಟೆಗೆ ಶೇ 20ರಷ್ಟು ಇಳಿಯುವಂತೆ ಚಿಕಿತ್ಸೆ. ಎರಡೂ ಕಡೆ ಎಂಟು ಗಂಟೆಗಳ ಕಾಲ. ಸಲೈನ್, ಬಿ.ಪಿ. ಔಷಧ, ಹೃದಯಕ್ಕೆ ಬಲ ಕೊಡುವ ಔಷಧ ಎಲ್ಲ ಎರಡೂ ಗುಂಪಿಗೆ ಒಂದೇ ಮೆಟ್ಟಿಲ ಕ್ರಮದಲ್ಲಿ. ಬೇರೆಯಾಗಿದ್ದದ್ದು ಯಾವುದನ್ನು ನೋಡಿ ನಿಲ್ಲಿಸಬೇಕು ಎಂಬುದಷ್ಟೇ.

ಫಲಿತಾಂಶದ ಸ್ಲೈಡ್ ಬಂದಾಗ ಚಾಟ್‌ನ ಸದ್ದು ನಿಲ್ಲುತ್ತದೆ. ಇಪ್ಪತ್ತೆಂಟು ದಿನಗಳೊಳಗೆ ಬೆರಳಿನ ಗುಂಪಿನಲ್ಲಿ 74 ಸಾವು, ಶೇ 34.9. ಲ್ಯಾಕ್ಟೇಟ್ ಗುಂಪಿನಲ್ಲಿ 92 ಸಾವು, ಶೇ 43.4. ಹದಿನೆಂಟು ಜೀವಗಳ ಅಂತರ. ಬೆರಳಿನ ಗುಂಪಿಗೆ ಮೊದಲ ಎಂಟು ಗಂಟೆಯಲ್ಲಿ ಹೋದ ಸಲೈನ್ ಕೂಡ ಸರಾಸರಿ 400 ಮಿ.ಲೀ.ಯಷ್ಟು ಕಡಿಮೆ. ಮೂರನೇ ದಿನಕ್ಕೆ ಅಂಗಗಳ ಸ್ಥಿತಿಯೂ ಮೇಲು. ಖರ್ಚಿಲ್ಲದ ಒಂದು ಗಾಜಿನ ತುಂಡು ಲ್ಯಾಬನ್ನು ಸೋಲಿಸಿತು ಎಂದು ಕುಣಿಯಬಹುದಾದ ಸುದ್ದಿ.

ಆದರೆ ಕೆಳಗೆ ಒಂದು ಸಾಲಿದೆ: ಪಿ ವ್ಯಾಲ್ಯೂ 0.06.

ಈ ಗಂಟೆಯ ನಿಜವಾದ ಜಗಳ ಇಲ್ಲಿಂದ ಶುರು. ನಿಮಗಾಗಿ ಒಂದೆರಡು ಮಾತು. ಎರಡು ವಿಧಾನಗಳ ನಡುವೆ ನಿಜದಲ್ಲಿ ಏನೂ ವ್ಯತ್ಯಾಸ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಇಂಥ ಅಂತರ, ಅಥವಾ ಇದಕ್ಕೂ ದೊಡ್ಡ ಅಂತರ, ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಆರು. ವೈದ್ಯಕೀಯ ಸಂಶೋಧನೆ ರೂಢಿಯಿಂದ ಒಪ್ಪಿಕೊಂಡಿರುವ ಗೆರೆ ನೂರಕ್ಕೆ ಐದು. ಒಂದು ಅಂಶದಿಂದ ಗೆರೆ ತಪ್ಪಿದೆ. ಹಾಗಾಗಿ ಪ್ರಬಂಧದ ತೀರ್ಮಾನದಲ್ಲಿ ಬರೆದವರು 'ಬೆರಳು ನೋಡಿ ಮಾಡಿದ ಚಿಕಿತ್ಸೆ ಸಾವನ್ನು ಕಡಿಮೆ ಮಾಡಲಿಲ್ಲ' ಎನ್ನಲೇಬೇಕಾಯಿತು.

"ಹದಿನೆಂಟು ಮಂದಿ ಹೆಚ್ಚು ಬದುಕ್ಯಾರ, ಕಮ್ಮಿ ಆಗಿಲ್ಲ ಅಂತ ಬರೀತಾರ. ಇದೆಂಥಾ ಲೆಕ್ಕರಿ?" ಹುಬ್ಬಳ್ಳಿಯವರು ಕಾರಿನ ಸ್ಟಿಯರಿಂಗ್ ಮೇಲೆ ಕೈ ಬಡಿಯುತ್ತಾರೆ.

"ಹಾಗಲ್ಲ," ಮಂಗಳೂರಿನ ಮೇಡಂ ಮುಂದೆ ಬಾಗುತ್ತಾರೆ. ಈ ಗುಂಪಿನಲ್ಲಿ ಅಂಕಿಸಂಖ್ಯೆ ಅವರ ಪಾಲು. "ಹ್ಯಾಜರ್ಡ್ ರೇಶಿಯೊ 0.75 ಅಂತ ಉಂಟು, ಅದನ್ನು ಮಾತ್ರ ನೋಡಬೇಡಿ. ಅದರ ಎರಡು ಬದಿ ನೋಡಿ. ಒಂದು ಕಡೆ 0.55, ಇನ್ನೊಂದು ಕಡೆ 1.02. ಅಂದರೆ ಸಾವಿನ ಅಪಾಯ ಶೇ 45ರಷ್ಟು ಇಳಿದಿರಲೂಬಹುದು, ಒಂಚೂರೂ ಇಳಿಯದೆ ಶೇ 2 ಏರಿರಲೂಬಹುದು. ಇವೆರಡರ ನಡುವೆ ಎಲ್ಲಿದೆ ಅಂತ ಈ ಪ್ರಯೋಗಕ್ಕೆ ಗೊತ್ತಿಲ್ಲ. ಲಾಭ ಇಲ್ಲ ಅಂತ ಅದು ಹೇಳಲಿಲ್ಲ, ಲಾಭ ಉಂಟು ಅಂತ ಸಾಬೀತು ಮಾಡಲಿಕ್ಕೆ ಆಗಲಿಲ್ಲ. ಎರಡು ಬೇರೆ ಬೇರೆ."

ತಪ್ಪು ಎಲ್ಲಾಯಿತು ಎಂಬುದನ್ನು ಅವರೇ ತೋರಿಸುತ್ತಾರೆ. ಪ್ರಯೋಗ ಶುರುವಾಗುವ ಮೊದಲು ಸಂಶೋಧಕರು ಸಾವು ಶೇ 45ರಿಂದ ಶೇ 30ಕ್ಕೆ ಇಳಿಯುತ್ತದೆ ಎಂದು ಎಣಿಸಿ, ಅದಕ್ಕೆ 420 ರೋಗಿಗಳು ಸಾಕು ಎಂದು ಲೆಕ್ಕ ಹಾಕಿದ್ದರು. ಹದಿನೈದು ಅಂಶ ಇಳಿಸುವ ಚಿಕಿತ್ಸೆ ಐಸಿಯುನಲ್ಲಿ ಸಿಗುವುದು ತೀರಾ ಅಪರೂಪ. ಇಳಿದದ್ದು ಎಂಟೂವರೆ. ಅಷ್ಟನ್ನು ಖಚಿತವಾಗಿ ಹಿಡಿಯಲು 424 ಜನ ಸಾಲರು. ಕ್ಯಾಲ್ಕುಲೇಟರ್ ಒತ್ತಿ ನೋಡಿದ ಮೇಡಂ, ಬೆರಳಿನ ಗುಂಪಿನಲ್ಲಿ ಎರಡು ಮೂರು ಸಾವು ಕಡಿಮೆಯಾಗಿದ್ದರೂ ಫಲಿತಾಂಶ ಗೆರೆ ದಾಟಿ, ಪ್ರಬಂಧದ ಕೊನೆಯ ವಾಕ್ಯವೇ ತಿರುಗಿಬಿಡುತ್ತಿತ್ತು ಎನ್ನುತ್ತಾರೆ. ಮರುವರ್ಷ ಇದೇ ಅಂಕಿಗಳನ್ನು ಬೇಸಿಯನ್ ಎಂಬ ಇನ್ನೊಂದು ಲೆಕ್ಕದ ದಾರಿಯಲ್ಲಿ ನೋಡಿದವರಿಗೆ ಲಾಭ ಇರುವ ಸಂಭವವೇ ಹೆಚ್ಚಾಗಿ ಕಂಡಿತು ಎಂಬುದನ್ನೂ ಸೇರಿಸುತ್ತಾರೆ.

ಆಗ ಡ್ಯೂಟಿ ರೂಮಿನ ಬಾಗಿಲು ತೆರೆಯುತ್ತದೆ. "ಮೇಡಂ, ನಾಲ್ಕನೇ ಬೆಡ್ಡು," ಎಂಬ ಸಿಸ್ಟರ್ ದನಿ. ಸ್ಟೆತಾಸ್ಕೋಪ್ ಮೊಳೆಯಿಂದ ಇಳಿಯುತ್ತದೆ, ಗಾಜಿನ ಸ್ಲೈಡೂ ಜೊತೆಗೆ ಹೋಗುತ್ತದೆ. ಚೌಕದಲ್ಲಿ ಈಗ ಬರೀ ಮಂಚ.

ಇಂಥ ಹೊತ್ತಿನಲ್ಲಿ ಸಭೆ ಚದುರುವುದಿಲ್ಲ. ಮೈಸೂರಿನ ಸರ್ ಕಥೆಗೆ ಕೂರುತ್ತಾರೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ವಿದ್ಯಾರ್ಥಿಗಳು ಹತ್ತಿರದ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಜರ್ನಲ್ ಓದುತ್ತಿದ್ದುದನ್ನು ಜೇಮ್ಸ್ ಪ್ಯಾಜೆಟ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ವ್ಯವಸ್ಥಿತವಾದ ಜರ್ನಲ್ ಕ್ಲಬ್ ಕಟ್ಟಿದ ಹೆಗ್ಗಳಿಕೆ ವಿಲಿಯಂ ಆಸ್ಲರ್ ಅವರದು, 1875ರಲ್ಲಿ, ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ದುಬಾರಿ ಪತ್ರಿಕೆಗಳನ್ನು ಒಬ್ಬೊಬ್ಬರೇ ಕೊಳ್ಳಲು ಆಗುತ್ತಿರಲಿಲ್ಲ, ಹಾಗಾಗಿ ಹಂಚಿಕೊಂಡು ಓದಿದರು. "ಈಗ ಪತ್ರಿಕೆಗೆ ಬರ ಇಲ್ಲ. ಬರ ಇರೋದು ಜೊತೆಗೆ ಕೂತು ಓದೋರಿಗೆ. ದೊಡ್ಡ ಕಾಲೇಜಲ್ಲಿ ಇಪ್ಪತ್ತು ಜನ ಸಿಗ್ತಾರೆ. ತಾಲ್ಲೂಕು ಆಸ್ಪತ್ರೇಲಿ ಒಬ್ಬನೇ ಅರಿವಳಿಕೆ ವೈದ್ಯ ಇರ್ತಾನೆ, ಅವನು ಯಾರ ಜೊತೆ ಚರ್ಚೆ ಮಾಡ್ಬೇಕು?"

ಈ ಗುಂಪು ಹುಟ್ಟಿದ್ದೂ ಆ ಬರದಲ್ಲೇ, ಕೋವಿಡ್ ಕಾಲದಲ್ಲಿ. 2020ರ ಜೂನ್ 16ರಂದು ಬ್ರಿಟನ್ನಿನ 'ರಿಕವರಿ' ಪ್ರಯೋಗದವರು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ಪ್ರಕಟಿಸಿದರು. ಸುದ್ದಿ ಒಂದೇ ದಿನದಲ್ಲಿ ಊರೂರು ಮುಟ್ಟಿತು; ಕೋಷ್ಟಕ ಮುಟ್ಟಲಿಲ್ಲ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸಾವು ಶೇ 41.4ರಿಂದ 29.3ಕ್ಕೆ ಇಳಿದಿತ್ತು, ನಿಜ. ಆದರೆ ಆಮ್ಲಜನಕವೇ ಬೇಡದಿದ್ದವರಿಗೆ ಲಾಭ ಇರಲಿಲ್ಲ; ಅವರಲ್ಲಿ ಸ್ಟೀರಾಯ್ಡ್ ಪಡೆದವರ ಸಾವು ಶೇ 17.8, ಪಡೆಯದವರದು ಶೇ 14. ಹಾನಿಯೇ ಆಗುತ್ತಿದೆಯೇನೋ ಎಂದು ಎಚ್ಚರಿಸುವ ಅಂಕಿ ಅದು. ಮರುವರ್ಷದ ಎರಡನೇ ಅಲೆಯಲ್ಲಿ ಮನೆಯಲ್ಲೇ, ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರು ಎಷ್ಟೋ ಮಂದಿ. ಸ್ಟೀರಾಯ್ಡ್ ಮತ್ತು ಹತೋಟಿ ಮೀರಿದ ಸಕ್ಕರೆ ಕಾಯಿಲೆ ಸೇರಿದಲ್ಲಿ ಕಪ್ಪು ಶಿಲೀಂಧ್ರ ಬಂತು, ಕಣ್ಣು ಕಳೆದುಕೊಂಡವರನ್ನು ಕರ್ನಾಟಕವೂ ನೋಡಿತು. "ಪೇಪರ್ ಸರಿಯಾಗೇ ಇತ್ತು. ಅರ್ಧ ಓದಿದ್ದು ತಪ್ಪು," ಎನ್ನುತ್ತಾರೆ ಸರ್.

ಅವಳು ಮರಳಿದ್ದಾಳೆ. ಹಣೆಯ ಮೇಲೆ ಬೆವರು. ಹೆಸರು, ಗುರುತು ಹೇಳುವಂತಿಲ್ಲ ಎಂಬುದು ಇಲ್ಲಿನ ಕಟ್ಟುನಿಟ್ಟು, ಅವಳೂ ಹೇಳುವುದಿಲ್ಲ. ಹೊಲದ ಕೆಲಸದ ನಡುವಯಸ್ಸಿನ ಹೆಂಗಸು, ಮೂತ್ರದ ಸೋಂಕಿನಿಂದ ಶಾಕ್, ನೊರ್‌ಅಡ್ರಿನಲಿನ್ ಓಡುತ್ತಿದೆ, ಬಿ.ಪಿ. ಹಿಡಿದುಕೊಂಡಿದೆ, ಮೂತ್ರ ಕಡಿಮೆ.

"ಲ್ಯಾಕ್ಟೇಟ್ ಎಷ್ಟು?" ಬರ್ಮಿಂಗ್‌ಹ್ಯಾಮ್ ಕೇಳುತ್ತದೆ.

"ಮಷಿನ್ ಅದರಿ ಸರ. ಕಾರ್ಟ್ರಿಜ್ ಮುಗದದ. ನಾಳಿ ಬರ್ತದಂತ." ಒಂದು ಕ್ಷಣ ಬಿಟ್ಟು, "ಬೆರಳು ನೋಡಿ ಬಂದೆ. ಐದು ಸೆಕೆಂಡ್."

ಈಗ ಪ್ರಬಂಧ ಕಾಗದ ಬಿಟ್ಟು ಕೆಳಗಿಳಿದಿದೆ. ದಕ್ಷಿಣ ಅಮೆರಿಕದ 28 ಐಸಿಯುಗಳ ಸರಾಸರಿಯನ್ನು ರಾಯಚೂರು ಸೀಮೆಯ ಒಂದು ಹಾಸಿಗೆಗೆ ತರುವುದು ಹೇಗೆ? ಮೊದಲ ವರ್ಷದ ಹುಡುಗ ಉತ್ಸಾಹದಲ್ಲಿ, "ಇನ್ನೊಂದು ಬಾಟಲಿ ಹಾಕೋದಲ್ವಾ?" ಎನ್ನುತ್ತಾನೆ. ಅಲ್ಲ. ಆ ಪ್ರಯೋಗದಲ್ಲೂ ಬೆರಳು ನಿಧಾನ ಎಂದ ಕೂಡಲೇ ಸಲೈನ್ ಸುರಿಯಲಿಲ್ಲ. ಸಲೈನ್ ಕೊಟ್ಟರೆ ಹೃದಯ ಹೆಚ್ಚು ರಕ್ತ ತಳ್ಳುತ್ತದೆಯೇ ಎಂದು ಮೊದಲು ಪರೀಕ್ಷಿಸಿದರು. "ಕಾಲು ಎತ್ತಿಸಿ ನೋಡಿದ್ಯೇನಮ್ಮ?" ಸರ್ ಕೇಳುತ್ತಾರೆ. ಮಲಗಿದವರ ಎರಡೂ ಕಾಲನ್ನು ಎತ್ತಿ ಹಿಡಿದರೆ ಕಾಲಿನ ರಕ್ತ ಹೃದಯದ ಕಡೆ ಹರಿಯುತ್ತದೆ; ಹೊರಗಿನಿಂದ ಹನಿಯೂ ಹಾಕದೆ, ಹಾಕಿದರೆ ಏನಾಗುತ್ತದೆಂದು ತಿಳಿಯುವ ಉಪಾಯ. ಎಕೋ ಪ್ರೋಬ್ ಹಿಡಿದು ನೋಡಿದ್ದೇನೆ, ಹೃದಯ ಸ್ಪಂದಿಸುತ್ತಿದೆ, ಅರ್ಧ ಲೀಟರ್ ಶುರು ಮಾಡಿ ಬಂದಿದ್ದೇನೆ, ಅರ್ಧ ಗಂಟೆಗೆ ಮತ್ತೆ ನೋಡುತ್ತೇನೆ ಎನ್ನುತ್ತಾಳೆ. ಸರ್ ಕನ್ನಡಕ ಮತ್ತೊಮ್ಮೆ ಮೇಲೇರುತ್ತದೆ.

'ಅರ್ಧ ಗಂಟೆಗೆ' ಎಂಬ ಮಾತನ್ನು ಹಿಡಿದುಕೊಂಡವರು ಹುಬ್ಬಳ್ಳಿಯವರು. "ತಡೀರಿ. ಪೇಪರ್‌ನ್ಯಾಗ ಬೆರಳಿನ ಗುಂಪಿಗೆ ಅರ್ಧ ತಾಸಿಗೊಮ್ಮೆ ಡಾಕ್ಟರ್ ಬಂದಾನ. ಲ್ಯಾಕ್ಟೇಟ್ ಗುಂಪಿಗೆ ಎರಡು ತಾಸಿಗೊಮ್ಮೆ. ಹಂಗಾದ್ರ ಗೆದ್ದಿದ್ದು ಬೆರಳೋ, ನಾಕು ಪಟ್ಟು ಸಲ ಬಂದು ಮುಟ್ಟಿ ನೋಡಿದ ಮನಿಷ್ಯಾನೋ?"

ಯಾರೂ ಉತ್ತರಿಸುವುದಿಲ್ಲ. ಪ್ರಬಂಧದ ಯಾವ ಕೋಷ್ಟಕದಲ್ಲೂ ಇದಕ್ಕೆ ಉತ್ತರವಿಲ್ಲ. ಯಾವ ರೋಗಿ ಯಾವ ಗುಂಪು ಎಂಬುದನ್ನು ಚಿಕಿತ್ಸೆ ಮಾಡುವವರಿಂದ ಮುಚ್ಚಿಡಲು ಈ ಪ್ರಯೋಗದಲ್ಲಿ ಸಾಧ್ಯವೇ ಇರಲಿಲ್ಲ. ಒಬ್ಬರೇ ಕೂತು ಓದಿದರೆ ಹೊಳೆಯದೆ ಹೋಗಬಹುದಾದ ಪ್ರಶ್ನೆ ಇದು. ಅಂಕಿ ಬಲ್ಲವರಿಗೆ ಪಿ ವ್ಯಾಲ್ಯೂ ಕಂಡಿತು. ಒಬ್ಬ ಸಿಸ್ಟರ್‌ಗೆ ನಾಲ್ಕು ಹಾಸಿಗೆ ಇರುವ ಐಸಿಯುನಲ್ಲಿ ದುಡಿಯುವವರಿಗೆ ಅರ್ಧ ಗಂಟೆ ಕಂಡಿತು. ಹತ್ತು ಊರಿನವರು ಒಂದೇ ಪುಟ ಓದುವುದರ ಲಾಭ ಇದೇ.

ಕಿರಿಯರ ಸರದಿ ಮುಗಿದು ಮೈಸೂರಿನ ಸರ್ ತಮ್ಮ ಹಳೆಯ ಎಚ್ಚರಿಕೆಯನ್ನು ಮುಂದಿಡುತ್ತಾರೆ. 2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದೇ ಆಸ್ಪತ್ರೆಯಲ್ಲಿ ಇಮ್ಯಾನುಯೆಲ್ ರಿವರ್ಸ್ 263 ಸೆಪ್ಸಿಸ್ ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲ ಆರು ಗಂಟೆ ಕೆಲವು ಗುರಿ ಇಟ್ಟುಕೊಂಡು ಬಿರುಸಿನ ಚಿಕಿತ್ಸೆ ಕೊಟ್ಟರೆ ಸಾವು ಶೇ 46.5ರಿಂದ 30.5ಕ್ಕೆ ಇಳಿಯಿತು ಎಂದರು. ಜಗತ್ತೇ ಅದರ ಹಿಂದೆ ಹೋಯಿತು. ಕುತ್ತಿಗೆಯ ನಾಳಕ್ಕೆ ವಿಶೇಷ ಕ್ಯಾಥೆಟರ್ ಹಾಕುವುದು ನಿಯಮವಾಯಿತು. 2014, 2015ರಲ್ಲಿ ಅಮೆರಿಕದ ಪ್ರೊಸೆಸ್, ಆಸ್ಟ್ರೇಲಿಯಾ ಮುಂದಾಳತ್ವದ ಅರೈಸ್, ಇಂಗ್ಲೆಂಡಿನ ಪ್ರಾಮಿಸ್ ಎಂಬ ಮೂರು ಪ್ರಯೋಗಗಳು ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನೇ ಒರೆಗೆ ಹಚ್ಚಿದವು. ಲಾಭ ಕಾಣಲಿಲ್ಲ. "ಹದಿಮೂರು ವರ್ಷ ನಾನೂ ಅದನ್ನೇ ಪಾಠ ಮಾಡಿದೆ. ಸಣ್ಣ ಪ್ರಯೋಗದ ದೊಡ್ಡ ಫಲ ಕಂಡ್ರೆ ಖುಷಿ ಪಡಿ, ಆದ್ರೆ ಅಣ್ಣನಿಗೊಬ್ಬ ತಮ್ಮ ಬರ್ಲಿ ಅಂತ ಕಾಯಿರಿ."

ಆ ತಮ್ಮನ ಸ್ಲೈಡ್ ಕೊನೆಗೆ ಬರುತ್ತದೆ. ಆಂಡ್ರೊಮಿಡಾ-ಶಾಕ್-2, 2025ರ ಅಕ್ಟೋಬರ್, ಅದೇ 'ಜಾಮಾ'. ಈ ಬಾರಿ 19 ದೇಶಗಳ 86 ಐಸಿಯುಗಳು, 1,467 ರೋಗಿಗಳು. ಬೆರಳಿನ ಬಣ್ಣವನ್ನು ಗುರಿಯಾಗಿಟ್ಟುಕೊಂಡು ರೋಗಿಗೆ ತಕ್ಕ ಚಿಕಿತ್ಸೆ ಒಂದು ಕಡೆ, ವಾಡಿಕೆಯ ಚಿಕಿತ್ಸೆ ಇನ್ನೊಂದು ಕಡೆ. ಸಾವು, ಯಂತ್ರ ಮತ್ತು ಔಷಧಗಳ ಆಸರೆಯ ಅವಧಿ, ಆಸ್ಪತ್ರೆಯ ವಾಸ, ಈ ಮೂರನ್ನೂ ಈ ಕ್ರಮದಲ್ಲಿ ಹೋಲಿಸಿದಾಗ ಬೆರಳಿನ ಗುಂಪು ಮೇಲುಗೈ ಸಾಧಿಸಿತು. ಗೆರೆಯೂ ದಾಟಿತು. ಚಾಟ್‌ನಲ್ಲಿ ಚಪ್ಪಾಳೆಯ ಚಿತ್ರಗಳು ಏಳುತ್ತಿರುವಾಗಲೇ ಅವಳು ಕೋಷ್ಟಕದ ಮೊದಲ ಸಾಲನ್ನು ಕೆಂಪು ಮಾಡಿ ತೋರಿಸುತ್ತಾಳೆ. "ಸಾವಿನ್ಯಾಗ ಫರಕ್ ಇಲ್ರಿ. ಎರಡೂ ಕಡಿ ಹೆಚ್ಚುಕಮ್ಮಿ ಒಂದೇ. ಆಸರಿ ಬೇಕಾದ ದಿನ ಕಮ್ಮಿ ಆಗ್ಯಾವ. ಗೆದ್ದಿದ್ದು ಅಲ್ಲಿ." ಚಪ್ಪಾಳೆಗಳು ನಿಲ್ಲುತ್ತವೆ. ಅಣ್ಣ ಆಸೆ ಹುಟ್ಟಿಸಿದ್ದ ಹದಿನೆಂಟು ಜೀವಗಳು ತಮ್ಮನಲ್ಲಿ ಸಿಗಲಿಲ್ಲ. ಸಿಕ್ಕದ್ದು ಅದಕ್ಕಿಂತ ಸಣ್ಣದು. ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ. ಐಸಿಯುನಲ್ಲಿ ಒಂದು ದಿನ ಕಡಿಮೆಯಾದರೆ ಒಂದು ಕುಟುಂಬದ ಸಾಲ ಎಷ್ಟು ಕಡಿಮೆಯಾಗುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು.

ಒಂಬತ್ತೂವರೆ ಆಗುತ್ತಿದೆ. ಪ್ರತಿ ಸಭೆಯ ಕೊನೆಗೂ ಒಂದೇ ಪ್ರಶ್ನೆ: ನಾಳೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಏನು ಬದಲಾಗುತ್ತದೆ? ತೀರ್ಪು ಬರೆದುಕೊಳ್ಳುವವರು ಮಂಗಳೂರಿನ ಮೇಡಂ. ಸೆಪ್ಟಿಕ್ ಶಾಕ್ ರೋಗಿಯ ಬೆರಳನ್ನು ಗಾಜಿನಿಂದ ಒತ್ತಿ, ಗಡಿಯಾರ ಹಿಡಿದು ನೋಡಿ; ಕೇಸ್ ಶೀಟಿನಲ್ಲಿ ಬಿ.ಪಿ. ಪಕ್ಕದಲ್ಲೇ ಅದಕ್ಕೊಂದು ಕಾಲಂ ಹಾಕಿ. ಲ್ಯಾಕ್ಟೇಟ್ ಸಿಕ್ಕಿದರೆ ಅದನ್ನೂ ನೋಡಿ, ಸಿಗದಿದ್ದರೆ ಕೈಕಟ್ಟಿ ಕೂರಬೇಡಿ. ಬೆರಳು ನಿಧಾನವಾದರೆ ಸಲೈನ್‌ಗೆ ಮೊದಲು ಕಾಲು ಎತ್ತಿ ನೋಡಿ. ಬೆರಳು ನೋಡಿದರೆ ಸಾವು ಕಡಿಮೆಯಾಗುತ್ತದೆ ಎಂದು ಮಾತ್ರ ಯಾರಿಗೂ ಹೇಳಬೇಡಿ.

"ನಾಲ್ಕನೇ ಬೆಡ್ ಹೇಗಿದೆ?" ಬರ್ಮಿಂಗ್‌ಹ್ಯಾಮ್‌ನವರು ಕೇಳುತ್ತಾರೆ.

"ಈಗ ನಾಕು ಸೆಕೆಂಡ್. ಇನ್ನೂ ಹೇಳಾಕ ಬರಂಗಿಲ್ರಿ ಸರ," ಎಂದು ಅವಳು ಏಳುತ್ತಾಳೆ. ಚೌಕಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಈ ಒಂದು ಗಂಟೆಗೆ ಯಾರಿಗೂ ಸಂಬಳವಿಲ್ಲ. ಡ್ಯೂಟಿಯ ನಡುವೆ, ಊಟದ ನಡುವೆ, ಕಾರಿನಲ್ಲಿ ಕೂತು ಕದ್ದುಕೊಂಡ ಗಂಟೆ ಇದು. ಓದುವುದೂ ಚಿಕಿತ್ಸೆಯ ಭಾಗ ಎಂದು ಒಪ್ಪಿ ಆಸ್ಪತ್ರೆಗಳು ಇದನ್ನು ಕೆಲಸದ ವೇಳೆಗೇ ಸೇರಿಸಬೇಕು. ದೊಡ್ಡ ಕಾಲೇಜುಗಳು ತಮ್ಮ ಚರ್ಚೆಗಳಿಗೆ ತಾಲ್ಲೂಕಿನ ಒಂಟಿ ವೈದ್ಯರನ್ನೂ ಕರೆದುಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದು ಲಿಂಕ್, ಅಷ್ಟೇ.

ಇನ್ನು ನಿಮಗೊಂದು ಮಾತು. ಎಂದಾದರೂ ನಿಮ್ಮವರು ಐಸಿಯು ಒಳಗಿದ್ದು, ನೀವು ಹೊರಗಿನ ಬೆಂಚಿನ ಮೇಲೆ ಕೂತಿರುವಾಗ ವೈದ್ಯರು ಬಂದು, 'ಇದರಲ್ಲಿ ಖಚಿತವಾಗಿ ಇಷ್ಟೇ ಗೊತ್ತಿದೆ, ಉಳಿದದ್ದು ನೋಡುತ್ತ ಹೋಗಬೇಕು' ಎಂದರೆ ಅದನ್ನು ಅವರ ಅಜ್ಞಾನ ಎಂದು ಎಣಿಸಬೇಡಿ. ಗ್ಯಾರಂಟಿ ಕೊಡುವವರನ್ನು ಹುಡುಕಿಕೊಂಡು ಇನ್ನೊಂದು ಆಸ್ಪತ್ರೆಗೆ ಆಂಬುಲೆನ್ಸ್ ತಿರುಗಿಸಬೇಡಿ. ಕೋಷ್ಟಕದ ಕೊನೆಯ ಸಾಲಿನವರೆಗೆ ಓದಿದವರೇ ಸಾಮಾನ್ಯವಾಗಿ ಹಾಗೆ ಮಾತಾಡುವುದು. ಅಂಥವರ ಕೈಯಲ್ಲಿ ನಿಮ್ಮವರು ಹೆಚ್ಚು ಕ್ಷೇಮ.